ಕಟ್ಟಡದ ಕಬ್ಬಿಣದ ತೊಲೆಗೆ ವೆಲ್ಡಿಂಗ್: ನಮ್ಮ ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಶೆಡ್ಡು, ಗೋದಾಮು, ಮನೆ ಮೇಲಿನ ಮಹಡಿ ಅಂತ ಕಬ್ಬಿಣದ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಮೊದಲ ಆರು ವರ್ಷ ನಾನೇ ಹೋಲ್ಡರ್ ಹಿಡಿದೆ. ಆಮೇಲಿನಿಂದ ಹುಡುಗರಿಗೆ ಕಲಿಸುತ್ತಾ ಕೆಲಸ ಮಾಡಿಸುತ್ತಿದ್ದೇನೆ. ಸಿರುಗುಪ್ಪದ ರೈಸ್ ಮಿಲ್ಲಿನವರು, ಸಿಂಧನೂರಿನ ಗೊಬ್ಬರದ ಅಂಗಡಿಯವರು, ಕೊಪ್ಪಳದಲ್ಲಿ ಮನೆ ಕಟ್ಟಿಸುವವರು, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಫೋನಿನಲ್ಲಿ ಅರ್ಧ ಉತ್ತರ ಕೊಡುವುದಕ್ಕಿಂತ ಇಲ್ಲಿ ಪೂರ್ತಿ ಬರೆದಿಡುತ್ತೇನೆ. ಕಟ್ಟಿಸುವವರಿಗೂ ಆಯಿತು, ಈಗಷ್ಟೇ ಕೆಲಸ ಕಲಿಯುತ್ತಿರುವವರಿಗೂ ಆಯಿತು.

ವೆಲ್ಡಿಂಗ್ ಜಾಯಿಂಟ್ ನಂಬಬಹುದಾ? ಬೋಲ್ಟೇ ವಾಸಿ ಅಂತಾರಲ್ಲ?

ಸರಿಯಾಗಿ ಕರಗಿದ್ದರೆ ಧೈರ್ಯವಾಗಿ ನಂಬಬಹುದು. ಎರಡೂ ಕಡೆಯ ಕಬ್ಬಿಣ ಕರಗಿ, ರಾಡಿನ ಕಬ್ಬಿಣದ ಜೊತೆ ಕಲೆತು, ಒಂದೇ ತುಂಡಾಗಿ ಆರಬೇಕು. ಹಾಗಾದರೆ ಬೆಸುಗೆ ತೊಲೆಗಿಂತ ಗಟ್ಟಿ. ನಾವು ಸಾಮಾನ್ಯವಾಗಿ ಬಳಸುವ ಐಎಸ್ 2062, ಅಂದರೆ ಉಕ್ಕಿಗಿರುವ ಭಾರತೀಯ ಮಾನಕ, ಅದರ ಇ 250 ದರ್ಜೆಯ ಉಕ್ಕಿನ ಎಳೆತದ ಬಲ ಕನಿಷ್ಠ 410 ಮೆಗಾಪಾಸ್ಕಲ್. 7018 ನಂಬರಿನ ವೆಲ್ಡಿಂಗ್ ರಾಡಿನ ಬೆಸುಗೆಯದು 490ರ ಸುಮಾರು.

ಒಂದು ಲೆಕ್ಕ ಹೇಳುತ್ತೇನೆ. 6 ಮಿಮೀ ಅಳತೆಯ ಫಿಲೆಟ್, ಅಂದರೆ ಮೂಲೆಗೆ ಹಾಕುವ ಬೆಸುಗೆ, ಬರೀ 10 ಸೆಂಮೀ ಉದ್ದ ಇದೆ ಅಂದುಕೊಳ್ಳಿ. ಉಕ್ಕಿನ ಕಟ್ಟಡಗಳ ನಿಯಮವಾದ ಐಎಸ್ 800 ಪ್ರಕಾರ ವರ್ಕ್‌ಶಾಪಿನಲ್ಲಿ ಮಾಡಿದ್ದಾದರೆ ಅದಕ್ಕೆ ಸುಮಾರು 8 ಟನ್ ಬಲ ಲೆಕ್ಕ ಹಿಡಿಯಬಹುದು. ಅದೇ ಬೆಸುಗೆಯನ್ನು ಸೈಟಿನಲ್ಲಿ ಮಾಡಿದರೆ 6.7 ಟನ್ ಮಾತ್ರ. ಇದು ವಿನ್ಯಾಸದ ಲೆಕ್ಕ, ನಿಜವಾದ ಭಾರವನ್ನು 1.5ರಿಂದ ಗುಣಿಸಿ ಇದಕ್ಕೆ ಹೋಲಿಸಬೇಕು. ರಾಡು ಅದೇ, ಕೈ ಅದೇ, ಆದರೂ ನಿಯಮವೇ ಸೈಟಿನ ಬೆಸುಗೆಯನ್ನು ಕಡಿಮೆ ನಂಬುತ್ತದೆ. ವರ್ಕ್‌ಶಾಪಿಗೆ ಸುರಕ್ಷತೆಯ ಅಂಶ 1.25, ಸೈಟಿಗೆ 1.5. ಏಣಿ ಮೇಲೆ ನಿಂತು, ಗಾಳಿಯಲ್ಲಿ, ತಲೆ ಮೇಲೆ ಕೈ ಎತ್ತಿ ಮಾಡುವ ಕೆಲಸ ಕೆಳಗೆ ಟೇಬಲ್ ಮೇಲೆ ಮಾಡಿದ ಹಾಗೆ ಬರುವುದಿಲ್ಲ, ಅಲ್ವಾ?

ಹಾಗಾಗಿ ನನ್ನ ಪದ್ಧತಿ ಇಷ್ಟು: ಆದಷ್ಟೂ ವೆಲ್ಡಿಂಗನ್ನು ಕೆಳಗೇ ಮುಗಿಸಿ, ಮೇಲೆ ಎತ್ತಿದ ಮೇಲೆ ಬೋಲ್ಟ್ ಹಾಕುವುದು. ಮೇಲೆ ವೆಲ್ಡ್ ಮಾಡಲೇಬೇಕಾದ ಜಾಗಗಳನ್ನು ಮೊದಲೇ ಎಣಿಸಿ, ಆ ಕೆಲಸವನ್ನು ಚೆನ್ನಾಗಿ ಕೈ ಪಳಗಿದವರಿಗೆ ಮಾತ್ರ ಕೊಡುತ್ತೇನೆ.

ಐ ಬೀಮ್ ಉದ್ದ ಸಾಲಲಿಲ್ಲ. ಎರಡು ತುಂಡು ಸೇರಿಸಿ ಜೋಡಿಸಬಹುದಾ?

ಜೋಡಿಸಬಹುದು. ಆದರೆ ಎಲ್ಲಿ, ಹೇಗೆ ಅನ್ನುವುದರಲ್ಲೇ ಎಲ್ಲ ಇದೆ. ನಾನು ಅತಿ ಹೆಚ್ಚು ತಪ್ಪು ನೋಡಿರುವುದು ಇಲ್ಲೇ.

ಮೊದಲು ಜಾಗ. ಎರಡು ಗೋಡೆ ಮೇಲೆ ಕೂತ ತೊಲೆ ಬಾಗುವುದು ನಡುವೆ. ಅಲ್ಲಿ ತೊಲೆಯ ಕೆಳಗಿನ ಪಟ್ಟಿ, ಅಂದರೆ ಫ್ಲೇಂಜ್, ಜೋರಾಗಿ ಎಳೆಸಿಕೊಳ್ಳುತ್ತದೆ. ಆ ಜಾಗಕ್ಕೆ ಜಾಯಿಂಟ್ ತರಬೇಡಿ. 20 ಅಡಿ ತೊಲೆಯಲ್ಲಿ ಗೋಡೆಯಿಂದ 3 ಅಡಿ ದೂರಕ್ಕೆ ಜೋಡಣೆ ಬಂದರೆ, ಭಾರ ಉದ್ದಕ್ಕೂ ಒಂದೇ ಸಮ ಇದ್ದಾಗ, ನಡುವೆ ಇರುವ ಬಾಗುವ ಬಲದ ಅರ್ಧದಷ್ಟು ಮಾತ್ರ ಅಲ್ಲಿರುತ್ತದೆ. ಉಳಿದಿದ್ದನ್ನು ಕತ್ತರಿಸಿ ಸೇರಿಸುವಾಗ ಈ ಒಂದು ಲೆಕ್ಕ ಇಟ್ಟುಕೊಂಡರೆ ಅರ್ಧ ಅಪಾಯ ಹೋಯಿತು. ಬೀಮ್ ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಸಿಗುತ್ತದೆ. ಕೊಳ್ಳುವ ಮೊದಲೇ ಯಾವ ತೊಲೆ ಯಾವ ತುಂಡಿನಿಂದ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡರೆ ಎಷ್ಟೋ ಸಲ ಜೋಡಣೆಯೇ ಬೇಕಾಗುವುದಿಲ್ಲ.

ಇನ್ನು ವಿಧಾನ. ತುಂಡುಗಳನ್ನು ಒಂದಕ್ಕೊಂದು ಒತ್ತಿಟ್ಟು ಮೇಲಿಂದ ಮೇಲೆ ಬೆಸುಗೆ ಎಳೆದರೆ ಹೊರಗಿನ ಪದರ ಮಾತ್ರ ಕೂಡಿಕೊಳ್ಳುತ್ತದೆ. ಒಳಗೆ ಎರಡೂ ಅಂಚು ಹಾಗೇ ಮುಖಾಮುಖಿ ನಿಂತಿರುತ್ತವೆ. ಸಾಲದ್ದಕ್ಕೆ ನೈಸ್ ಕಾಣಲಿ ಅಂತ ಗ್ರೈಂಡರ್ ಹೊಡೆಯುತ್ತಾರೆ. ಕೂಡಿದ್ದ ಆ ತೆಳು ಪದರವೂ ಹೋಯಿತು. ಮೇಲೆ ರೆಡ್ ಆಕ್ಸೈಡ್ ಬಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಹಳೆ ಗೋದಾಮು ಬಿಚ್ಚುವಾಗ ನಾನು ಅಂಥದ್ದೊಂದು ಜಾಯಿಂಟನ್ನು ಅಡ್ಡಕ್ಕೆ ಕುಯ್ದು ನೋಡಿದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ ಹೊಳೆಯುವ ಕಬ್ಬಿಣ. ನಡುವೆ ಪೂರ್ತಿ ಕಪ್ಪು. ಅದರ ಕೆಳಗೆ ಅಷ್ಟು ವರ್ಷ ಹಮಾಲರು ಮೂಟೆ ಹೊತ್ತು ಓಡಾಡಿದ್ದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ತುಂಡನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಹೊಸ ಹುಡುಗರಿಗೆ ಮೊದಲ ದಿನ ಅದನ್ನೇ ತೋರಿಸುತ್ತೇನೆ.

ಸರಿಯಾದ ರೀತಿ ಹೀಗೆ. ಎರಡೂ ಅಂಚನ್ನು 30 ಡಿಗ್ರಿ ಓರೆ ಮಾಡಿ, ಸೇರಿಸಿದಾಗ ವಿ ಆಕಾರ ಬರಬೇಕು. ತಳದಲ್ಲಿ 2ರಿಂದ 3 ಮಿಮೀ ಸಂದು ಬಿಡಬೇಕು. ಮೊದಲ ರನ್, ಅಂದರೆ ಬೆಸುಗೆಯ ಮೊದಲ ಎಳೆ, ತಳದ ತನಕ ಹೋಗಬೇಕು. ಪ್ರತಿ ರನ್ ಆದ ಮೇಲೆ ಸ್ಲ್ಯಾಗ್, ಅಂದರೆ ಬೆಸುಗೆ ಮೇಲೆ ಕೂರುವ ಪೆಡಸು ಪೊರೆ, ಕುಟ್ಟಿ, ಬ್ರಷ್ ಹಾಕಿ, ಆಮೇಲೆ ಮುಂದಿನದು. ಒಂದು ಕಡೆ ತುಂಬಿದ ಮೇಲೆ ಹಿಂದಿನಿಂದ ಹೊಳೆಯುವ ಲೋಹ ಕಾಣುವ ತನಕ ಗ್ರೈಂಡ್ ಮಾಡಿ ಆ ಕಡೆಯೂ ಬೆಸೆಯಬೇಕು. ತಳ ಪೂರ್ತಿ ಕರಗುತ್ತೆ ಅನ್ನುವ ನಂಬಿಕೆ ಇಲ್ಲದಿದ್ದರೆ ಫ್ಲೇಂಜಿಗೂ, ಎರಡು ಫ್ಲೇಂಜಿನ ನಡುವೆ ನೆಟ್ಟಗೆ ನಿಂತ ವೆಬ್ಬಿಗೂ ಪ್ಲೇಟ್ ಹಚ್ಚಿ ಜೋಡಿಸಿ. ಆ ಪ್ಲೇಟಿನ ಅಳತೆ ಎಂಜಿನಿಯರ್ ಕೊಡಬೇಕು, ಅಂದಾಜು ಬೇಡ.

ಬೀಮನ್ನು ಕಂಬಕ್ಕೆ ಸುತ್ತಲೂ ಬಿಗಿಯಾಗಿ ವೆಲ್ಡ್ ಮಾಡಿದರೆ ಇನ್ನೂ ಗಟ್ಟಿ ಅಲ್ವಾ?

ಎಲ್ಲ ಸಲವೂ ಅಲ್ಲ. ಕೆಲವು ಜಾಯಿಂಟುಗಳು ಸ್ವಲ್ಪ ತಿರುಗಲಿ ಅಂತಲೇ ವಿನ್ಯಾಸ ಮಾಡಿರುತ್ತಾರೆ. ವೆಬ್ಬಿಗೆ ಮಾತ್ರ ಆಂಗ್ಲರ್, ಅಂದರೆ ಎಲ್ ಆಕಾರದ ಕಬ್ಬಿಣ, ಹಾಕಿ ಬೋಲ್ಟ್ ಕೊಟ್ಟಿರುತ್ತಾರೆ. ಅಲ್ಲಿ "ಇರಲಿ ಬಿಡು" ಅಂತ ಮೇಲಿನ, ಕೆಳಗಿನ ಫ್ಲೇಂಜನ್ನೂ ಬೆಸೆದರೆ ಕಂಬಕ್ಕೆ ಲೆಕ್ಕದಲ್ಲಿಲ್ಲದ ಬಾಗುವ ಬಲ ಬರುತ್ತದೆ. ತೆಳು ಕಂಬ ಅದನ್ನು ತಡೆಯದೆ ಹೋಗಬಹುದು.

ಬಿಗಿ ಜಾಯಿಂಟ್ ಬೇಕೇ ಬೇಕು ಅಂದಾಗಲೂ ತಳದ ಬೆಸುಗೆ ಸರಿಯಿಲ್ಲದಿದ್ದರೆ ಏನಾಗುತ್ತೆ ಅಂತ 1994ರ ಜನವರಿ 17ರಂದು ಅಮೆರಿಕದ ಲಾಸ್ ಏಂಜಲೀಸ್ ಪಕ್ಕದ ನಾರ್ತ್‌ರಿಡ್ಜ್ ಭೂಕಂಪ ತೋರಿಸಿತು. ಉಕ್ಕಿನ ಕಟ್ಟಡಗಳು ಬಿದ್ದಿರಲಿಲ್ಲ. ಆದರೆ ಗೋಡೆ ಬಿಚ್ಚಿ ನೋಡಿದಾಗ ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ ತೊಲೆ ಮತ್ತು ಕಂಬ ಸೇರುವ ಬೆಸುಗೆಗಳು ಬಿರುಕು ಬಿಟ್ಟಿದ್ದವು. ಹೆಚ್ಚಿನವು ಕೆಳಗಿನ ಫ್ಲೇಂಜಿನಲ್ಲಿ. ವೆಲ್ಡರ್ ತೊಲೆ ಮೇಲೆ ಕೂತು ಬಗ್ಗಿ ಅದನ್ನು ಹಾಕುತ್ತಿದ್ದ. ನಡುವೆ ವೆಬ್ ಅಡ್ಡ ಬರುವುದರಿಂದ ಅಲ್ಲೇ ನಿಲ್ಲಿಸಿ ಆಚೆ ಕಡೆಯಿಂದ ಮತ್ತೆ ಶುರು ಮಾಡಬೇಕಿತ್ತು. ನಿಲ್ಲಿಸಿದ ಜಾಗದಲ್ಲಿ ದೋಷ ಉಳಿಯುತ್ತಿತ್ತು. ತಳಕ್ಕೆ ಇಟ್ಟ ಪಟ್ಟಿಯನ್ನು ಹಾಗೇ ಬಿಟ್ಟಿದ್ದು, ಬೇಗ ತುಂಬುವ ಆದರೆ ಹೊಡೆತ ತಾಳದ ವೈರ್ ಬಳಸಿದ್ದು ಇನ್ನಷ್ಟು ಕೆಡಿಸಿತು. ಸರಿಯಾಗಿ ಒಂದು ವರ್ಷಕ್ಕೆ, 1995ರ ಜನವರಿ 17ರಂದು, ಜಪಾನಿನ ಕೋಬೆಯಲ್ಲೂ ಇಂಥ ಬಿರುಕುಗಳು ಕಂಡವು. ನಮ್ಮ ಕಡೆ ಭೂಕಂಪದ ಭಯ ಕಡಿಮೆ. ಆದರೆ ಕೈ ಸಿಗದ ಮೂಲೆಯಲ್ಲಿ ನಿಲ್ಲಿಸಿ ಶುರು ಮಾಡುವ ಬೆಸುಗೆ ಇಲ್ಲೂ ಅದೇ, ಅಲ್ಲೂ ಅದೇ.

ಯಾವ ರಾಡು ತರಲಿ? 6013 ಸಾಕಾ, 7018 ಬೇಕಾ?

ಮಾಡಿನ ಶೀಟು ಕೂರುವ ಪರ್ಲಿನ್, ಗ್ರಿಲ್, ತೆಳು ಆಂಗ್ಲರ್, ಸಣ್ಣ ಶೆಡ್ಡಿನ ಟ್ರಸ್ ಇವಕ್ಕೆ 6013 ಸಾಕು. ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಸ್ಲ್ಯಾಗ್ ಬೇಗ ಬಿಡುತ್ತದೆ. ತೊಲೆ ಕಂಬದ ಮುಖ್ಯ ಜಾಯಿಂಟು, 20 ಮಿಮೀ ದಾಟಿದ ಪ್ಲೇಟು, ಇ 350 ದರ್ಜೆಯ ಉಕ್ಕು ಅಂದರೆ 7018 ತನ್ನಿ.

7018ರ ಗುಣ ಉಳಿಯುವುದು ಅದು ಒಣಗಿದ್ದರೆ ಮಾತ್ರ. ರಾಡಿನ ಲೇಪನಕ್ಕೆ ತೇವ ಹಿಡಿದರೆ ಬೆಂಕಿಯಲ್ಲಿ ಅದರಿಂದ ಹೈಡ್ರೋಜನ್ ಹೊರಟು ಬೆಸುಗೆಯೊಳಗೆ ಸೇರುತ್ತದೆ. ಆರಿದ ಮೇಲೆ, ಕೆಲವೊಮ್ಮೆ ಒಂದೆರಡು ದಿನ ಕಳೆದು, ಒಳಗಿಂದ ಬಿರುಕು ಬರುತ್ತದೆ. ಪ್ಯಾಕೆಟ್ ಒಡೆದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ. ಉಳಿದಿದ್ದನ್ನು ಓವನ್ನಿನಲ್ಲಿ 300 ಡಿಗ್ರಿ ಸುಮಾರಿನಲ್ಲಿ ಒಂದೆರಡು ಗಂಟೆ ಕಾಯಿಸಬೇಕು. ನಿಖರ ಅಂಕಿ ಪ್ಯಾಕೆಟ್ ಮೇಲೇ ಇರುತ್ತದೆ.

"ನಮ್ಮ ಬಳ್ಳಾರಿ ಬಿಸಿಲಿಗೆ ತೇವ ಎಲ್ಲಿ ಬರುತ್ತೆ ಅಣ್ಣ, ಶೀಟಿನ ಮೇಲೆ ಒಣಗಿಸಿದ್ದೀವಿ" ಅಂತಾರೆ ಹುಡುಗರು. ಮೇ ತಿಂಗಳ ಮಧ್ಯಾಹ್ನ ಶೀಟು ಮುಟ್ಟಿದರೆ ಕೈ ಸುಡುತ್ತದೆ ನಿಜ, ಆದರೆ ಅದು 60 - 70 ಡಿಗ್ರಿ. ಲೇಪನದೊಳಗೆ ಹಿಡಿದ ನೀರು ಅಷ್ಟಕ್ಕೆ ಬಿಡುವುದಿಲ್ಲ. ಇನ್ನೊಂದು ಮಾತು: 6013 ರಾಡನ್ನು ಓವನ್ನಿನ ಆ 300 ಡಿಗ್ರಿ ಬಿಸಿಗೆ ಹಾಕಬೇಡಿ, ಅದರ ಲೇಪನ ಕೆಡುತ್ತದೆ.

ಎಷ್ಟು ಆಂಪಿಯರ್ ಇಡಬೇಕು?

12 ನಂಬರ್ ರಾಡು, ಅಂದರೆ 2.5 ಮಿಮೀ, 60ರಿಂದ 90. 10 ನಂಬರ್, 3.15 ಮಿಮೀ, 90ರಿಂದ 130. 8 ನಂಬರ್, 4 ಮಿಮೀ, 140ರಿಂದ 180. ನೆಟ್ಟಗೆ ಮೇಲಕ್ಕೆ ಹೋಗುವಾಗ ಮತ್ತು ತಲೆ ಮೇಲಿನ ಕೆಲಸಕ್ಕೆ ಸ್ವಲ್ಪ ಇಳಿಸಿ. ಸಂಜೆ ವೋಲ್ಟೇಜ್ ಬಿದ್ದಾಗ, ಇಲ್ಲವೇ ತೆಳು ಎಕ್ಸ್‌ಟೆನ್ಶನ್ ವೈರನ್ನು 50 ಮೀಟರ್ ಎಳೆದಾಗ, ಮೆಷಿನ್ ತೋರಿಸುವ ಅಂಕಿಯನ್ನು ನಂಬಬೇಡಿ. ರಾಡು ಅಂಟಿಕೊಳ್ಳುತ್ತಿದ್ದರೆ, ಬೆಸುಗೆ ಹಗ್ಗದ ಹಾಗೆ ಮೇಲೆ ಉಬ್ಬಿ ಕೂರುತ್ತಿದ್ದರೆ ಕೆಲಸ ನಿಲ್ಲಿಸಿ. ಕರೆಂಟ್ ಸರಿಯಾಗುವ ತನಕ ಮುಖ್ಯ ಜಾಯಿಂಟ್ ಮುಟ್ಟಬೇಡಿ.

ವೆಲ್ಡಿಂಗ್ ದಪ್ಪ ಹಾಕಿಸಿದಷ್ಟೂ ಒಳ್ಳೆಯದಾ?

ಅಲ್ಲ. ಬೆಸೆಯುವ ಎರಡರಲ್ಲಿ ಹೆಚ್ಚು ದಪ್ಪದ ಪ್ಲೇಟು 10 ಮಿಮೀ ತನಕ ಇದ್ದರೆ ಕನಿಷ್ಠ 3 ಮಿಮೀ ಫಿಲೆಟ್, 20ರ ತನಕ 5, 32ರ ತನಕ 6 ಅಂತ ಐಎಸ್ 800 ಹೇಳುತ್ತದೆ. ಇದು ಕನಿಷ್ಠ. ನಿಜವಾಗಿ ಎಷ್ಟು ಬೇಕು ಅಂತ ಭಾರ ನೋಡಿ ಎಂಜಿನಿಯರ್ ಬರೆಯುತ್ತಾರೆ. 6ರ ಬದಲು 8 ಮಿಮೀ ಹಾಕಿದರೆ ಲೋಹ ಸುಮಾರು 1.8 ಪಟ್ಟು ಹೋಗುತ್ತದೆ. ಬಲ ಜಾಸ್ತಿಯಾಗುವುದು ಮೂರನೇ ಒಂದು ಭಾಗ ಮಾತ್ರ. ಬಿಸಿ ಜಾಸ್ತಿ, ಡೊಂಕು ಜಾಸ್ತಿ, ಖರ್ಚೂ ಜಾಸ್ತಿ. ಅದಕ್ಕಿಂತ ಉದ್ದ ಹೆಚ್ಚಿಸುವುದು ವಾಸಿ.

ವೆಲ್ಡ್ ಆದ ಮೇಲೆ ಬೀಮ್ ಡೊಂಕಾಗಿದೆ. ಕಬ್ಬಿಣವೇ ಕೆಟ್ಟದ್ದಾ?

ಸಾಮಾನ್ಯವಾಗಿ ಕಬ್ಬಿಣದ ತಪ್ಪಲ್ಲ, ಬೆಸೆದ ಕ್ರಮದ ತಪ್ಪು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಕುಗ್ಗುತ್ತಾ ತೊಲೆಯನ್ನು ತನ್ನ ಕಡೆ ಎಳೆಯುತ್ತದೆ. ಒಂದೇ ಕಡೆ ಉದ್ದಕ್ಕೂ ಎಳೆದುಬಿಟ್ಟರೆ ಬಾಗಲೇಬೇಕು. ಮೊದಲು ಎಲ್ಲ ಕಡೆ ಟ್ಯಾಕ್, ಅಂದರೆ ಸಣ್ಣ ಚುಕ್ಕೆ ಬೆಸುಗೆ, ಆಮೇಲೆ ಈ ಬದಿ ಸ್ವಲ್ಪ, ಎದುರು ಬದಿ ಸ್ವಲ್ಪ, ನಡುವಿನಿಂದ ತುದಿ ಕಡೆಗೆ. ಹುಡುಗರಿಗೆ ನಾನು ಸೈಕಲ್ ಚಕ್ರದ ಕಡ್ಡಿ ಬಿಗಿಯುವುದನ್ನು ನೆನಪಿಸುತ್ತೇನೆ. ಒಂದೇ ಕಡೆ ಬಿಗಿದರೆ ಚಕ್ರ ಓಲಾಡುತ್ತದಲ್ಲ, ಹಾಗೆ.

ಬಿಸಿಲಿನ ಆಟವೂ ಇದೆ. ರಾಯಚೂರಿನಲ್ಲಿ ಏಪ್ರಿಲ್ ತಿಂಗಳು ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಕಬ್ಬಿಣದ ಬಿಸಿಯಲ್ಲಿ 30 ಡಿಗ್ರಿ ವ್ಯತ್ಯಾಸ ಆರಾಮಾಗಿ ಬರುತ್ತದೆ. 30 ಮೀಟರ್ ಉದ್ದದ ಶೆಡ್ಡಿನಲ್ಲಿ ಅಷ್ಟಕ್ಕೆ ಉಕ್ಕು 11 ಮಿಮೀ ಹಿಗ್ಗುತ್ತದೆ. ಬೆಳಿಗ್ಗೆ ಅಳೆದು ಮಧ್ಯಾಹ್ನ ಕತ್ತರಿಸಿದರೆ ತೂತು ಕೂಡುವುದಿಲ್ಲ. ಅಳತೆ, ಲೈನ್ ನೋಡುವುದು, ಕೊನೆಯ ಬೆಸುಗೆ ಇವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳಿ. ಬೆಸೆಯುವವನ ದೇಹಕ್ಕೂ ಅದೇ ಒಳ್ಳೆಯದು.

ಬೀಮ್ ಕೊಳ್ಳುವಾಗ ಏನು ನೋಡಲಿ? ನಮ್ಮೂರ ಪಕ್ಕದಲ್ಲೇ ಉಕ್ಕು ತಯಾರಾಗುತ್ತಲ್ಲ?

ತಯಾರಾಗುತ್ತದೆ. ಸಂಡೂರಿನ ಅದಿರು, ತೋರಣಗಲ್ಲಿನ ಜಿಂದಾಲ್, ಕೊಪ್ಪಳದ ಗಿಣಿಗೇರ ಸುತ್ತಲಿನ ಕಾರ್ಖಾನೆಗಳು ಎಲ್ಲ ನಮ್ಮ ಮಗ್ಗುಲಲ್ಲೇ ಇವೆ. ಹಾಗಂತ ಅಂಗಡಿಯಲ್ಲಿ ಒರಗಿಸಿಟ್ಟ ಬೀಮ್ ಎಲ್ಲಿಂದ ಬಂತು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಐಎಸ್ 2062 ಅಂತ ಬರೆದ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರಲ್ಲಿನ ಹೀಟ್ ನಂಬರ್, ಅಂದರೆ ಉಕ್ಕು ಕರಗಿಸಿದ ಸರದಿಯ ಸಂಖ್ಯೆ, ಬೀಮ್ ಮೇಲೂ ಇದೆಯಾ ನೋಡಿ. ಇ 250 ದರ್ಜೆಯಲ್ಲಿ ಗಂಧಕ, ರಂಜಕ ತಲಾ 0.045 ಶೇಕಡಾ ಮೀರಬಾರದು. ಗುಜರಿ ಕರಗಿಸಿಯೋ ಹಳೆ ಕಬ್ಬಿಣ ಮತ್ತೆ ಉರುಳಿಸಿಯೋ ಮಾಡಿದ ಮಾಲಿನಲ್ಲಿ ಇವು ಹೆಚ್ಚಿದ್ದರೆ ಬೆಸುಗೆ ಆರುವಾಗಲೇ ನಡುವೆ ಸೀಳುತ್ತದೆ.

ತೂಕವನ್ನೂ ಹಾಕಿಸಿ. 200 ಮಿಮೀ ಎತ್ತರದ ಐ ಬೀಮ್, ಅಂದರೆ ಐಎಸ್‌ಎಂಬಿ ಮೀಟರಿಗೆ ಸುಮಾರು 25 ಕೆಜಿ. 20 ಅಡಿಯ ತುಂಡು 150 ಕೆಜಿ ಆಸುಪಾಸು ತೂಗಬೇಕು. 125 ತೂಗಿದರೆ ವಾಪಸ್ ಕಳಿಸಿ. ಇನ್ನು, ಒಂದು ಅಳತೆ ಮೇಲೆ ಹೋಗಲು ಹಿಂದೆಮುಂದೆ ನೋಡುವವರಿಗೆ: 200ರ ಬದಲು 250 ಹಾಕಿದರೆ ತೂಕ ಒಂದೂವರೆ ಪಟ್ಟು ಆಗುತ್ತದೆ, ಆದರೆ ಬಾಗದೆ ನಿಲ್ಲುವ ಗುಣ ಎರಡು ಪಟ್ಟಿಗೂ ಜಾಸ್ತಿ.

ಹಳೆ ಮನೆಯ ಮಾಳಿಗೆಯಲ್ಲಿ ರೈಲು ಹಳಿ, ಹಳೆ ಗರ್ಡರ್ ಇವೆ. ಅವಕ್ಕೆ ಹೊಸ ಬೀಮ್ ಬೆಸೆಯಬಹುದಾ?

ಹಳಿಗೆ ಸುಮ್ನೆ ರಾಡು ಹಚ್ಚಬೇಡಿ. ನಮ್ಮ ತೊಲೆ ಉಕ್ಕಿನಲ್ಲಿ ಇಂಗಾಲ 0.23 ಶೇಕಡಾ ಒಳಗಿದ್ದರೆ ಹಳಿಯಲ್ಲಿ ಅದರ ಮೂರು ಪಟ್ಟಿನಷ್ಟು ಇರಬಹುದು. ಬೆಸೆದ ಪಕ್ಕದ ಜಾಗ ಬೇಗ ತಣ್ಣಗಾಗಿ ಗಾಜಿನ ಹಾಗೆ ಪೆಡಸಾಗುತ್ತದೆ, ಆಮೇಲೆ ಟಣ್ ಅಂತ ಸೀಳುತ್ತದೆ. ಎಂಥ ಕಬ್ಬಿಣ ಅಂತ ತಿಳಿಯಲು ಗ್ರೈಂಡರ್ ಮುಟ್ಟಿಸಿ ಕಿಡಿ ನೋಡಿ. ಸಾಧಾರಣ ಉಕ್ಕಿನ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ, ಇಂಗಾಲ ಜಾಸ್ತಿ ಇದ್ದರೆ ಸುರುಸುರು ಬತ್ತಿಯ ಹಾಗೆ ಕವಲೊಡೆದು ಚಿಮ್ಮುತ್ತದೆ. ಅನುಮಾನ ಬಂದರೆ ಬೋಲ್ಟ್ ಹಾಕಿದ ಕ್ಲ್ಯಾಂಪ್ ಮಾಡಿಸಿ, ಇಲ್ಲವೇ ಹೊಸ ತೊಲೆಯನ್ನು ಹಳಿಯ ಕೆಳಗೆ ಬೇರೆಯಾಗಿಯೇ ಕೂರಿಸಿ.

ಟಿಎಂಟಿ ಕಂಬಿಯನ್ನು ಕಂಬದ ಬುಡದ ಬೇಸ್ ಪ್ಲೇಟಿಗೆ ವೆಲ್ಡ್ ಮಾಡಿ ಕಾಂಕ್ರೀಟಿನಲ್ಲಿ ಹೂಳಬಹುದಾ?

ಎಂಜಿನಿಯರ್ ಬರೆದುಕೊಟ್ಟಿದ್ದರೆ, ಬೆಸೆಯಲು ಬರುವ ಕಂಬಿಯೇ ಆಗಿದ್ದರೆ, ಮಾಡಬಹುದು. ಟಿಎಂಟಿಯ ಬಲದಲ್ಲಿ ದೊಡ್ಡ ಪಾಲು ಅದರ ಗಟ್ಟಿ ಹೊರಪದರದಲ್ಲಿದೆ. ಜಾಸ್ತಿ ಕಾಯಿಸಿದರೆ ಅದು ಮೆತ್ತಗಾಗುತ್ತದೆ. ಕಂಬಿ ಕಟ್ಟುವ ತಂತಿಯ ಬದಲು ಟ್ಯಾಕ್ ಹೊಡೆಯುವುದಂತೂ ಬೇಡವೇ ಬೇಡ, ಆ ಚುಕ್ಕೆಯಿಂದಲೇ ಕಂಬಿ ಮುರಿಯುತ್ತದೆ. ನಾನು ಸಾಧ್ಯವಾದ ಕಡೆಯೆಲ್ಲ ನಟ್ಟು ಇರುವ ಆಂಕರ್ ಬೋಲ್ಟನ್ನೇ ಹಾಕಿಸುತ್ತೇನೆ.

ಸೈಟಿನಲ್ಲಿ ಸಿಒಟು ಮೆಷಿನ್ ಬೇಗ ಆಗುತ್ತಲ್ಲ?

ಅದು ರಾಡಿನ ಬದಲು ವೈರಿನಿಂದ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡುತ್ತಾ ಬೆಸೆಯುವ ಮೆಷಿನ್. ಶೆಡ್ಡಿನೊಳಗೆ ಒಳ್ಳೆಯದು. ಬಯಲಿನಲ್ಲಿ ಗಾಳಿ ಗಂಟೆಗೆ 8 ಕಿಮೀ ಇದ್ದರೂ ಅದರ ಗ್ಯಾಸ್ ಪರದೆ ಚದುರಿ, ಬೆಸುಗೆಯೊಳಗೆ ಜೇನುಗೂಡಿನ ಹಾಗೆ ತೂತು ಬೀಳುತ್ತದೆ. ನಮ್ಮ ಕಡೆ ಜೂನ್‌ನಿಂದ ಆಗಸ್ಟ್ ತನಕ ಅಷ್ಟು ಗಾಳಿ ಇಲ್ಲದ ದಿನವೇ ಕಡಿಮೆ. ಟಾರ್ಪಾಲ್ ಕಟ್ಟಿ ಮಾಡಿ, ಇಲ್ಲವೇ ರಾಡಿಗೇ ಹೋಗಿ.

ಹೋದ ವರ್ಷ ಗಾಳಿಗೆ ಶೀಟ್ ಎದ್ದು ಹೋಯಿತು. ವೆಲ್ಡಿಂಗ್ ತಪ್ಪಾ?

ಆಗಿರಬಹುದು. ಕಟ್ಟಡದ ಮೇಲಿನ ಭಾರ, ಗಾಳಿಯ ನಿಯಮವಾದ ಐಎಸ್ 875 ಬಳ್ಳಾರಿಗೆ ಕೊಡುವ ಮೂಲ ಗಾಳಿ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಮೀ. ಅದರ ಒತ್ತಡ ಚದರ ಮೀಟರಿಗೆ 90 ಕೆಜಿ ದಾಟುತ್ತದೆ. ಕಟ್ಟಡದ ಆಕಾರ, ಎತ್ತರ ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. 30 x 40 ಅಡಿಯ ಮಾಡಿಗೆ ಅದು ಹತ್ತು ಟನ್ ಲೆಕ್ಕ. ಶೀಟು, ಪರ್ಲಿನ್ ಎಲ್ಲ ಸೇರಿ ಎರಡು ಟನ್ ಇದ್ದೀತು. ಅಂದರೆ ಮಾಡನ್ನು ಕೆಳಗೆ ಹಿಡಿದಿಡುವುದು ಅದರ ತೂಕವಲ್ಲ, ಪರ್ಲಿನ್ ಹಿಡಿದಿಡುವ ಸಣ್ಣ ತುಂಡು, ಅಂದರೆ ಕ್ಲೀಟಿನ ಬೆಸುಗೆ ಮತ್ತು ಬುಡದ ಬೋಲ್ಟು. ಅವಸರದಲ್ಲಿ ಟ್ಯಾಕ್ ಹೊಡೆದು, ಪೂರ್ತಿ ಬೆಸೆಯಲು ಮರೆತು ಹೋಗುವುದು ಈ ಕ್ಲೀಟುಗಳನ್ನೇ. ಒಂದೊಂದಾಗಿ ಎಣಿಸಿ, ಸೀಮೆಸುಣ್ಣದ ಗುರುತು ಹಾಕುತ್ತಾ ಹೋಗಿ.

ನನಗೆ ವೆಲ್ಡಿಂಗ್ ಗೊತ್ತಿಲ್ಲ. ಕೆಲಸ ಸರಿಯಾಗಿದೆಯಾ ಅಂತ ಹೇಗೆ ನೋಡಲಿ?

ಕೆಲಸ ಶುರುವಾಗುವ ಮುಂಚೆಯೇ ನೋಡಬೇಕು. ಎರಡು ಸಣ್ಣ ಪ್ಲೇಟ್ ತುಂಡನ್ನು ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿಗೆ ಫಿಲೆಟ್ ಹಾಕಿಸಿ. ಆರಿದ ಮೇಲೆ ಬೆಸುಗೆ ಇರುವ ಕಡೆಗೇ ಮಡಚುವ ಹಾಗೆ ಸುತ್ತಿಗೆಯಿಂದ ಹೊಡೆದು ಮುರಿಸಿ. ಮುರಿದ ಜಾಗದಲ್ಲಿ ಮೂಲೆಯ ತನಕ ಲೋಹ ಹರಿದಿದೆಯಾ, ಇಲ್ಲಾ ಮೂಲೆ ಹಾಗೇ ಖಾಲಿ ಉಳಿದಿದೆಯಾ, ತೂತು ಇವೆಯಾ, ಸ್ಲ್ಯಾಗ್ ಸಿಕ್ಕಿಕೊಂಡಿದೆಯಾ ಅಂತ ಕಣ್ಣಿಗೇ ಕಾಣುತ್ತದೆ. ಅರ್ಧ ಗಂಟೆಯ ಕೆಲಸ. ನೆಟ್ಟಗೆ ಮೇಲಕ್ಕೂ ಒಂದು ಹಾಕಿಸಿ, ಯಾಕೆಂದರೆ ಸೈಟಿನಲ್ಲಿ ಬೇಕಾಗುವುದು ಅದೇ. ಒಳ್ಳೆಯ ವೆಲ್ಡರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದಲೇ ತೋರಿಸುತ್ತಾನೆ. ದೊಡ್ಡ ಕೆಲಸಕ್ಕೆ ಐಎಸ್ 7310 ಪ್ರಕಾರ ಪರೀಕ್ಷೆಯಾದ ವೆಲ್ಡರೇ ಬೇಕು ಅಂತ ಕರಾರಿನಲ್ಲಿ ಬರೆಸಿ.

ಬೆಸೆಯುವ ಮೊದಲು ಜಾಗದಲ್ಲಿ ಪೇಂಟು, ಎಣ್ಣೆ, ತುಕ್ಕು, ಮಣ್ಣು ಇಲ್ಲದ ಹಾಗೆ ತಿಕ್ಕಿದ್ದಾರಾ ನೋಡಿ. ಆದ ಮೇಲೆ ಪೇಂಟ್ ಬಳಿಯಲು ಬಿಡಬೇಡಿ, ಮೊದಲು ಟಾರ್ಚ್ ಹಿಡಿದು ನೀವು ನೋಡಬೇಕು. ಬೆಸುಗೆಯ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಗೀರು ಇದ್ದರೆ ಅದು ಅಂಡರ್‌ಕಟ್. ಕೊನೆಯಲ್ಲಿ ಗುಳಿ ಬಿದ್ದಿದ್ದರೆ ಅಲ್ಲಿಂದ ಬಿರುಕು ಶುರುವಾಗುತ್ತದೆ, ತುಂಬಿಸಿ. ಮುಖ್ಯ ಜಾಯಿಂಟಿಗೆ ಕೆಂಪು ಬಣ್ಣ ಹಚ್ಚಿ ಒರೆಸಿ ನೋಡುವ ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿಸಿ. ಅದು ಮೇಲಿನ ಬಿರುಕನ್ನು ಮಾತ್ರ ತೋರಿಸುತ್ತದೆ, ಒಳಗಿನದಕ್ಕೆ ಅಲ್ಟ್ರಾಸೋನಿಕ್ ಬೇಕು. ದಪ್ಪ ಪ್ಲೇಟಿನಲ್ಲಿ 48 ಗಂಟೆ ಬಿಟ್ಟು ನೋಡುವುದು ಒಳ್ಳೆಯದು, ಹೈಡ್ರೋಜನ್ ಬಿರುಕು ತಡವಾಗಿ ಬರುತ್ತದೆ ಅಂದೆನಲ್ಲ.

ಈಗಾಗಲೇ ಭಾರ ಹೊತ್ತಿರುವ ಬೀಮಿಗೆ ಪ್ಲೇಟ್ ಬೆಸೆದು ಗಟ್ಟಿ ಮಾಡಬಹುದಾ?

ಕೆಳಗಿಂದ ಜ್ಯಾಕ್ ಕೊಟ್ಟು ಭಾರ ಇಳಿಸಿದ ಮೇಲೆ. 600 ಡಿಗ್ರಿ ಬಿಸಿಯಲ್ಲಿ ಉಕ್ಕಿನ ಬಲ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಬೆಸುಗೆಯ ಪಕ್ಕದಲ್ಲಿ ಅದಕ್ಕಿಂತ ಜಾಸ್ತಿಯೇ ಬಿಸಿ ಇರುತ್ತದೆ. ಎಳೆತದಲ್ಲಿರುವ ಕೆಳಗಿನ ಫ್ಲೇಂಜಿಗೆ ಅಡ್ಡಡ್ಡ ಬೆಸುಗೆ ಎಳೆದರೆ ಆ ಕ್ಷಣಕ್ಕೆ ತೊಲೆಯನ್ನು ಅಲ್ಲಿ ಕತ್ತರಿಸಿದ ಹಾಗೆ. ಉದ್ದುದ್ದಕ್ಕೆ, ತುಂಡು ತುಂಡಾಗಿ, ಆರಲು ಬಿಟ್ಟು ಹಾಕಬೇಕು. ಜನ ವಾಸವಿರುವ ಮನೆಯಾದರೆ ಆ ಹೊತ್ತಿಗೆ ಮೇಲೂ ಕೆಳಗೂ ಯಾರೂ ಇರಬಾರದು.

ಹತ್ತಿ ಗೋದಾಮು, ರೈಸ್ ಮಿಲ್ ನಡೆಯುತ್ತಿರುವಾಗಲೇ ಮೇಲೆ ವೆಲ್ಡಿಂಗ್ ಮಾಡಿಸಬಹುದಾ?

ದಯವಿಟ್ಟು ಬೇಡ. ಕಿಡಿ 10 - 11 ಮೀಟರ್ ದೂರ ಹಾರುತ್ತದೆ ಅಂತಲೇ ಸುರಕ್ಷತಾ ನಿಯಮಗಳು ಲೆಕ್ಕ ಹಿಡಿಯುತ್ತವೆ. ಎತ್ತರದಿಂದ ಬಿದ್ದರೆ ಇನ್ನೂ ದೂರ. ರಾಯಚೂರಿನ ಹತ್ತಿ, ಗಂಗಾವತಿ, ಕಾರಟಗಿ, ಮಾನ್ವಿ ಕಡೆಯ ಭತ್ತದ ಹೊಟ್ಟು, ಇವೆರಡರ ಬುದ್ಧಿಯೂ ಒಂದೇ. ಕಿಡಿ ಬಿದ್ದ ಕೂಡಲೇ ಉರಿ ಏಳುವುದಿಲ್ಲ. ಒಳಗೊಳಗೇ ಕಮರುತ್ತಾ ಹೋಗಿ, ಎಲ್ಲರೂ ಬಾಗಿಲು ಹಾಕಿಕೊಂಡು ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತದೆ.

ಮಾಲು ಖಾಲಿ ಮಾಡಿಸಿ. ತೊಲೆ ಮೇಲೆ ಕೂತ ದೂಳನ್ನೂ ಗುಡಿಸಿ, ಆ ದೂಳೇ ಮೊದಲು ಹೊತ್ತುವುದು. ತೆಗೆಯಲಾಗದ್ದರ ಮೇಲೆ ಬೆಂಕಿ ತಡೆಯುವ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದರೆ ಅದೇ ಕರಗಿ ಉರಿಯುತ್ತದೆ. ನೀರು, ಮರಳು, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಕೊನೆಯ ರಾಡು ಆರಿಸಿದ ಮೇಲೆ ಒಂದು ಗಂಟೆ ಒಬ್ಬ ಮನುಷ್ಯ ಅಲ್ಲೇ ಕೂತು ನೋಡಬೇಕು. ಅವನಿಗೆ ಬೇರೆ ಕೆಲಸ ಹೇಳಬೇಡಿ. ಈ ಕೂಲಿ ಯಾಕೆ ಅಂತ ಮಾಲೀಕರು ಕೇಳಿದಾಗ ನಾನು ಜಗಳ ಮಾಡಿಯಾದರೂ ಇಡಿಸುತ್ತೇನೆ. ಖಾಲಿ ಡೀಸೆಲ್ ಡ್ರಮ್ಮಿನ ಮೇಲೆ ನಿಂತು ವೆಲ್ಡ್ ಮಾಡುವುದು, ಅದನ್ನೇ ಕತ್ತರಿಸುವುದು ಎರಡೂ ಸಾವಿಗೆ ದಾರಿ. ಒಳಗಿನ ಆವಿ ಕಣ್ಣಿಗೆ ಕಾಣುವುದಿಲ್ಲ.

ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ. ಆಲೂಗಡ್ಡೆ ಕಟ್ಟಿದರೆ ಹೋಗುತ್ತಾ?

ಆರ್ಕಿನ ನೇರಳಾತೀತ ಬೆಳಕು ಕಣ್ಣಿನ ಮೇಲ್ಪದರ ಸುಟ್ಟಿದೆ. ತಕ್ಷಣ ಗೊತ್ತಾಗುವುದಿಲ್ಲ, ಕೆಲವು ಗಂಟೆ ಬಿಟ್ಟು ಉರಿ ಶುರು. ಆಲೂಗಡ್ಡೆ, ಹಾಲು ಏನೂ ಹಾಕಬೇಡಿ, ಸೋಂಕು ತಗಲುತ್ತದೆ. ತಣ್ಣನೆಯ ಒದ್ದೆ ಬಟ್ಟೆ ಕಣ್ಣು ಮುಚ್ಚಿ ಮೇಲಿಡಿ, ಬೆಳಿಗ್ಗೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. 10 ಅಥವಾ 11 ನಂಬರಿನ ಗಾಜು ಇರುವ ಶೀಲ್ಡ್ ಹಾಕಿ. ಪಕ್ಕದಲ್ಲಿ ಹಿಡಿದುಕೊಳ್ಳುವ ಹುಡುಗನಿಗೂ ಕೊಡಿ, ಹೆಚ್ಚು ಕಣ್ಣು ಸುಟ್ಟುಕೊಳ್ಳುವುದು ಅವನೇ.

ಜಿಐ ಪೈಪ್ ಬೆಸೆದ ಸಂಜೆ ಚಳಿಜ್ವರ ಬರುವುದು ಸತುವಿನ ಹೊಗೆಯಿಂದ. ಸತು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗಲು 1500ರ ಹತ್ತಿರ ಬೇಕು. ಬೆಲ್ಲ ತಿಂದರೆ ಎದೆ ಶುದ್ಧ ಆಗುತ್ತೆ ಅನ್ನುವುದು ಬರೀ ನಂಬಿಕೆ. ಬೆಸೆಯುವ ಜಾಗದ ಸತುವನ್ನು ಮಾಸ್ಕ್ ಹಾಕಿಕೊಂಡು ಮೊದಲೇ ತಿಕ್ಕಿ ತೆಗೆಯಿರಿ, ಗಾಳಿ ಬೆನ್ನಿಗೆ ಬರುವಂತೆ ನಿಲ್ಲಿ.

ಶಾಕ್ ಹೊಡೆಯುತ್ತಾ? ವೋಲ್ಟೇಜ್ ಕಡಿಮೆ ಅಂತಾರೆ.

ರಾಡು ಹೊತ್ತಿಸುವ ಮೊದಲು ಹೋಲ್ಡರಿನಲ್ಲಿ 60ರಿಂದ 80 ವೋಲ್ಟ್ ಇರುತ್ತದೆ. ಬೆವರಿನಿಂದ ತೊಯ್ದ ಬಟ್ಟೆ, ಒದ್ದೆ ಗ್ಲೌಸ್, ಮೈಗೆಲ್ಲ ಕಬ್ಬಿಣ ತಾಗಿರುವಾಗ ಅಷ್ಟೇ ಪ್ರಾಣ ತೆಗೆಯಬಲ್ಲದು. ಏರಿ ನಿಂತವನಿಗೆ ಸಣ್ಣ ಶಾಕ್ ಆದರೂ ಬೀಳುತ್ತಾನೆ. ಬೆಲ್ಟ್ ಕಟ್ಟಿಸಿ, ಗ್ಲೌಸ್ ಎರಡು ಜೊತೆ ಕೊಡಿ, ಬೋರ್ಡಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಹಾಕಿಸಿ. ಅರ್ತ್ ಕ್ಲ್ಯಾಂಪನ್ನು ಬೆಸೆಯುವ ತುಂಡಿಗೇ ಹಾಕಬೇಕು. ದೂರದ ಯಾವುದೋ ಕಂಬಿಗೆ ಸಿಕ್ಕಿಸಿದರೆ ಕರೆಂಟು ಕ್ರೇನಿನ ಉಕ್ಕಿನ ಹಗ್ಗದ ಮೂಲಕವೂ ಹರಿದು ಅದನ್ನು ಸುಡಬಹುದು.

ವೆಲ್ಡರಿಗೂ ಕಾರ್ಮಿಕ ಕಾರ್ಡ್ ಸಿಗುತ್ತಾ?

ಕಟ್ಟಡದ ವೆಲ್ಡರಿಗೆ ಸಿಗುತ್ತದೆ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನೋಂದಣಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ. ಮೇಸ್ತ್ರಿಗಳೇ, ನಿಮ್ಮ ಹುಡುಗರದ್ದು ಮಾಡಿಸಿಕೊಡಿ.

ಪೇಂಟ್ ಯಾವಾಗ? ತುಕ್ಕು ಹಿಡಿಯದ ಹಾಗೆ ಏನು ಮಾಡಲಿ?

ಸ್ಲ್ಯಾಗ್, ಸಿಡಿದ ಗುಂಡು ಎಲ್ಲ ಕೆರೆದ ಮೇಲೆ ಅದೇ ದಿನ ಪ್ರೈಮರ್. ಸ್ಲ್ಯಾಗಿನ ಮೇಲೆ ಬಳಿದರೆ ಅದರ ಜೊತೆಗೇ ಪೇಂಟು ಕಳಚಿ ಬೀಳುತ್ತದೆ. ಬೆಸೆಯಬೇಕಾದ ಅಂಚಿನಲ್ಲಿ 50 ಮಿಮೀ ಬಣ್ಣ ಹಚ್ಚದೆ ಬಿಟ್ಟಿರಿ.

ನಮ್ಮ ಒಣ ಹವೆಯಲ್ಲಿ ಮೇಲಿನ ತೊಲೆ ಅಷ್ಟು ಬೇಗ ಕೆಡುವುದಿಲ್ಲ, ಕೆಡುವುದು ಕಂಬದ ಬುಡ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಕಾಲುವೆ ಕೆಳಗಿನ ನೆಲದಲ್ಲಿ ಜೌಗು, ಸವುಳು ಎರಡೂ ಇವೆ. ಗೊಬ್ಬರದ ಗೋದಾಮಿನಲ್ಲಿ ಪೊಟ್ಯಾಷ್, ಯೂರಿಯಾ ನೆಲಕ್ಕೆ ಉದುರಿ ತೇವ ಎಳೆದು ಕಬ್ಬಿಣ ತಿನ್ನುತ್ತವೆ. ಬೇಸ್ ಪ್ಲೇಟನ್ನು ನೆಲಮಟ್ಟಕ್ಕಿಂತ ಅರ್ಧ ಅಡಿ ಮೇಲೆ ಕಾಂಕ್ರೀಟ್ ಪೀಠದ ಮೇಲೆ ಕೂರಿಸಿ, ಸುತ್ತ ನೀರು ನಿಲ್ಲದ ಹಾಗೆ ಇಳಿಜಾರು ಕೊಡಿ. ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಸಲ ಬಗ್ಗಿ, ಬುಡದ ಬೆಸುಗೆಯನ್ನು ಸ್ಕ್ರೂಡ್ರೈವರಿನಿಂದ ಗೀರಿ ನೋಡಿ. ಪದರ ಪದರ ಎದ್ದು ಬಂದರೆ ಅಲ್ಲೇ ತಿಕ್ಕಿಸಿ ಮತ್ತೆ ಬಳಿಸಿ.